ಕಸ್ತೂರ್ಬಾ ರಸ್ತೆಯ ನಾಯಿ

ಮ್ಯೂಸಿಯಂ ರೋಡಿನಲ್ಲಿ ಮ್ಯೂಸಿಯಂ ಇಲ್ಲ. ಹಳೇ ಬೆಂಗಳೂರಿನವರಿಗೆಲ್ಲ ಇದು ಗೊತ್ತು. ನನಗೂ ಗೊತ್ತಿತ್ತು. ಆದರೂ ಆವತ್ತು ಆಟೋ ಹತ್ತಿ "ಮ್ಯೂಸಿಯಂ" ಎಂದು ಒಂದೇ ಮಾತು ಹೇಳಿ ಫೋನ್ ನೋಡುತ್ತಾ ಕೂತುಬಿಟ್ಟೆ. ಪಕ್ಕದಲ್ಲಿ ಅಕ್ಕನ ಮಗ. ನಾಲ್ಕನೇ ಕ್ಲಾಸು, ಬೇಸಿಗೆ ರಜ. ಸ್ವಲ್ಪ ಹೊತ್ತಿಗೆ ಆಟೋ ನಿಂತಿತು. ತಲೆ ಎತ್ತಿ ನೋಡಿದರೆ ಚರ್ಚ್ ಸ್ಟ್ರೀಟಿನ ಪಕ್ಕ ಎಲ್ಲೋ ಇದ್ದೇವೆ. "ಇಲ್ಲೆಲ್ಲಿದೆಯಪ್ಪ ಮ್ಯೂಸಿಯಂ?" ಅಂದೆ. "ನೀವೇ ತಾನೇ ಸರ್ ಹೇಳಿದ್ದು? ಇದೇ ಮ್ಯೂಸಿಯಂ ರೋಡು. ಬೋರ್ಡ್ ನೋಡಿ" ಅಂದರು. ಬೋರ್ಡ್ ನೋಡಿದೆ. ಅವರು ಹೇಳಿದ್ದು ಸರಿ. ದುಡ್ಡು ಕೊಟ್ಟು ಇಳಿದು ಬಿಸಿಲಲ್ಲಿ ಕಬ್ಬನ್ ಪಾರ್ಕಿನ ಕಡೆ ನಡೆದೆವು. ಹುಡುಗ ದಾರಿಯುದ್ದಕ್ಕೂ ಕೇಳಿದ್ದು ಒಂದೇ ಪ್ರಶ್ನೆ. "ಮ್ಯೂಸಿಯಂ ಇಲ್ದೆ ಇರೋ ರೋಡಿಗೆ ಮ್ಯೂಸಿಯಂ ರೋಡ್ ಅಂತ ಯಾಕೆ ಹೆಸರು ಮಾಮಾ?"

ಕಾರಣ ಸುಲಭ. 1865ರಲ್ಲಿ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಶುರುವಾದದ್ದು ಅಲ್ಲೇ, ದಂಡಿನ ಹಳೆಯ ಜೈಲು ಕಟ್ಟಡದಲ್ಲಿ. ಮದರಾಸಿನ ಮ್ಯೂಸಿಯಂ ಕಟ್ಟಿದ್ದ ಎಡ್ವರ್ಡ್ ಬಾಲ್ಫೋರ್ ಎಂಬ ವೈದ್ಯರು ಒತ್ತಾಯ ಮಾಡಿದರು, ಆಗ ಮೈಸೂರಿನ ಆಡಳಿತ ನೋಡುತ್ತಿದ್ದ ಬೌರಿಂಗ್ ಒಪ್ಪಿದರು. ಜನ ಅದಕ್ಕೆ ತಮಾಷಾ ಬಂಗ್ಲೆ ಅನ್ನುತ್ತಿದ್ದರಂತೆ. ನನಗೆ ಈ ಹೆಸರು ಬಹಳ ಇಷ್ಟ. ವಸ್ತುಸಂಗ್ರಹಾಲಯ ಅನ್ನುವ ಹೊತ್ತಿಗೆ ಅರ್ಧ ಉಸಿರು ಹೋಗುತ್ತದೆ. ತಮಾಷಾ ಬಂಗ್ಲೆ ಅಂದರೆ ಒಳಗೆ ಹೋಗಿ ನೋಡಬೇಕು ಅನಿಸುತ್ತದೆ, ಅಲ್ವಾ? ಹನ್ನೆರಡು ವರ್ಷ ಕಳೆದ ಮೇಲೆ, 1877ರಲ್ಲಿ, ಸ್ಯಾಂಕಿ ನಕ್ಷೆ ಹಾಕಿದ ಕೆಂಪು ಕಟ್ಟಡಕ್ಕೆ ಮ್ಯೂಸಿಯಂ ಬಂತು. ಅದೇ ಸ್ಯಾಂಕಿ, ಕೆರೆಗೆ ಹೆಸರಿರುವವರು, ಅಠಾರ ಕಚೇರಿ ಕಟ್ಟಿಸಿದವರು. ಮ್ಯೂಸಿಯಂ ಹೊಸ ಮನೆಗೆ ಹೋಯಿತು, ಹೆಸರು ಹಳೆ ಬೀದಿಯಲ್ಲೇ ಉಳಿಯಿತು. ಹೊಸ ಬೀದಿಗೆ ಆಗ ಸಿಡ್ನಿ ರೋಡ್ ಎಂದು ಹೆಸರು. ಈಗ ಕಸ್ತೂರ್ಬಾ ರಸ್ತೆ.

ಈ ರಸ್ತೆಯನ್ನು ಕಳೆದ ಇಪ್ಪತ್ತು ವರ್ಷದಲ್ಲಿ ನಾನು ಸಾವಿರ ಸಲ ದಾಟಿದ್ದೇನೆ. ಒಂದು ತುದಿಯಲ್ಲಿ ವಿಕ್ಟೋರಿಯಾ ರಾಣಿ, 1906ರಿಂದ ಕೈಯಲ್ಲಿ ಗೋಳ ಹಿಡಿದುಕೊಂಡು ನಿಂತಿದ್ದಾಳೆ. ಇನ್ನೊಂದು ತುದಿಯಲ್ಲಿ ಹಡ್ಸನ್ ಸರ್ಕಲ್. ನಡುವೆ ಮೀನಿನ ಅಕ್ವೇರಿಯಂ, ಸರ್ಕಾರಿ ಮ್ಯೂಸಿಯಂ, ವೆಂಕಟಪ್ಪ ಆರ್ಟ್ ಗ್ಯಾಲರಿ, ವಿಶ್ವೇಶ್ವರಯ್ಯ ಮ್ಯೂಸಿಯಂ. 2023ರಿಂದ ರಸ್ತೆಯ ಆಚೆ ಬದಿಗೆ ಕಲೆ ಮತ್ತು ಛಾಯಾಚಿತ್ರಗಳ ಹೊಸ ಮ್ಯೂಸಿಯಂ ಕೂಡ. ಇಷ್ಟು ಚಿಕ್ಕ ರಸ್ತೆಯಲ್ಲಿ ಇಷ್ಟೊಂದು ಮ್ಯೂಸಿಯಂ ಇರುವ ಜಾಗ ನಮ್ಮ ರಾಜ್ಯದಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ. ಆದರೆ ಸಾವಿರ ಸಲ ದಾಟಿದ್ದು ಬಸ್ಸಿನಲ್ಲಿ, ಬೈಕಿನಲ್ಲಿ, ಸಿಗ್ನಲ್ಲಿಗೆ ಬೈದುಕೊಂಡು. ಒಳಗೆ ಹೋದದ್ದು ಬೆರಳೆಣಿಕೆಯಷ್ಟು. ಅದರಲ್ಲಿ ಎರಡು ಸಲದ ವಿಷಯ ಮಾತ್ರ ಇಲ್ಲಿ ಬರೆಯುತ್ತೇನೆ. ಮೊದಲನೆಯ ಸಲ ನೋಡದೆ ಬಂದದ್ದು ಏನು ಅನ್ನುವುದು ಎರಡನೆಯ ಸಲ ಗೊತ್ತಾಯಿತು. ಅದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ.

ಚಿತ್ರಾನ್ನದ ಪ್ರವಾಸ

ಮೊದಲನೆಯದು ಶಾಲೆಯ ಪ್ರವಾಸ. ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಏಳನೇ ಕ್ಲಾಸಿನಲ್ಲಿ ಒಂದು ದಿನದ ಬೆಂಗಳೂರು ಪ್ರವಾಸ. ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು. ಲಾಲ್‌ಬಾಗ್, ವಿಧಾನಸೌಧ, ಅಕ್ವೇರಿಯಂ, ಎರಡು ಮ್ಯೂಸಿಯಂ, ಎಲ್ಲ ಒಂದೇ ದಿನಕ್ಕೆ. ಈ ಪ್ರವಾಸ ಮಾಡದ ಹಳೇ ಮೈಸೂರು ಕಡೆಯ ಮಕ್ಕಳು ಕಡಿಮೆ, ಆದ್ದರಿಂದ ಜಾಸ್ತಿ ವಿವರಿಸುವುದಿಲ್ಲ. ಇಬ್ಬಿಬ್ಬರು ಕೈ ಹಿಡಿದುಕೊಂಡು ಸಾಲು. ಮುಂದೆ ಒಬ್ಬ ಮೇಷ್ಟ್ರು, ಹಿಂದೆ ಒಬ್ಬ ಮೇಷ್ಟ್ರು. ನಿಂತರೆ ಹಿಂದಿನಿಂದ "ನಡೀರೋ, ನಡೀರೋ".

ವಿಶ್ವೇಶ್ವರಯ್ಯ ಮ್ಯೂಸಿಯಂ ಅಂದರೆ ನಮಗೆ ಬರೀ ಮ್ಯೂಸಿಯಂ ಅಲ್ಲ. ನಮ್ಮ ಕಡೆ ದೇವರ ಗೂಡಿನ ಪಕ್ಕದಲ್ಲೇ ವಿಶ್ವೇಶ್ವರಯ್ಯನವರ ಫೋಟೋ ಇರುವ ಮನೆಗಳಿವೆ. ಕನ್ನಂಬಾಡಿ ಕಟ್ಟೆಯ ನೀರು ಕುಡಿದು ಬೆಳೆದವರು ನಾವು. ಹಾಗಾಗಿ ಚಪ್ಪಲಿ ಬಿಟ್ಟು ಹೋಗಬೇಕೇನೋ ಎಂದು ಒಬ್ಬ ಹುಡುಗ ಬಾಗಿಲಲ್ಲಿ ನಿಂತುಬಿಟ್ಟಿದ್ದ. ಅವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ. ಅವರ ಹೆಸರಿನ ಈ ಕಟ್ಟಡವನ್ನು ನೆಹರೂ ಉದ್ಘಾಟಿಸಿದ್ದು ಅದೇ ವರ್ಷ ಜುಲೈ 14ಕ್ಕೆ. ಮೂರು ತಿಂಗಳ ಅಂತರ. ಇದೆಲ್ಲ ಆಗ ನಮಗೆಲ್ಲಿ ಗೊತ್ತು? ನಮಗೆ ಗೊತ್ತಿದ್ದದ್ದು ಬಟನ್. ಒತ್ತಿದರೆ ಚಕ್ರ ತಿರುಗುತ್ತದೆ, ಒತ್ತಿದರೆ ದೀಪ ಹತ್ತುತ್ತದೆ. ಊರಿನಲ್ಲಿ ದಿನಕ್ಕೆ ಆರು ತಾಸು ಕರೆಂಟಿಲ್ಲದ ಕಾಲ. ಒತ್ತಿದ ತಕ್ಷಣ ದೀಪ ಹತ್ತುವುದೇ ನಮಗೆ ವಿಜ್ಞಾನ. ಒಬ್ಬೊಬ್ಬರೂ ಹತ್ತು ಸಲ ಒತ್ತಿದೆವು. ಹೊರಗೆ ನಿಲ್ಲಿಸಿದ್ದ ಮಾರುತ್ ಯುದ್ಧವಿಮಾನದ ಹೊಟ್ಟೆಯ ಕೆಳಗೆ ನಿಂತು ಅದರಲ್ಲಿ ಪೈಲಟ್ ಆಗುವವರು ಯಾರು ಎಂದು ಜಗಳವಾಡಿದೆವು.

ಅದರ ನೆರೆಯ ಕೆಂಪು ಕಟ್ಟಡದಲ್ಲಿ ಬಟನ್ ಇರಲಿಲ್ಲ. ಮುಟ್ಟಬಾರದು ಎಂದು ಬರೆದಿತ್ತು. ಎತ್ತರದ ಕಂಬ, ತಣ್ಣಗಿನ ನೆಲ, ಕಲ್ಲು, ಮತ್ತೆ ಕಲ್ಲು. ಮೂಗು ಮುರಿದ ದೇವರುಗಳು. ನಾವು ಹೋದ ವೇಗಕ್ಕೆ ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಆಮೇಲೆ ಕಬ್ಬನ್ ಪಾರ್ಕಿನ ಬಿದಿರು ಮೆಳೆಯ ಹತ್ತಿರ ಕೂತು ಬೆಳಗ್ಗೆ ಕಟ್ಟಿಸಿಕೊಂಡು ಬಂದಿದ್ದ ಚಿತ್ರಾನ್ನ ತಿಂದೆವು. ಚಿತ್ರಾನ್ನ ಇನ್ನೂ ಚೆನ್ನಾಗಿ ನೆನಪಿದೆ, ಕಡಲೆಬೀಜ ಮೆತ್ತಗಾಗಿತ್ತು. ಕಲ್ಲು ಒಂದೂ ನೆನಪಿಲ್ಲ. ಈ ಚಿತ್ರಾನ್ನದ ಮಾತನ್ನು ಸುಮ್ನೆ ಹೇಳುತ್ತಿಲ್ಲ. ಮುಂದೆ ಬೇಕಾಗುತ್ತದೆ.

"ಕನ್ನಡ ತಾನೇ, ಓದು"

ಎರಡನೆಯದು ಆಟೋ ತಪ್ಪಿದ ಆ ದಿನ. ಬಿಸಿಲಲ್ಲಿ ನಡೆದು ಬಂದದ್ದರಿಂದ ಹುಡುಗ ಸಿಟ್ಟಾಗಿದ್ದ. ಮೊದಲು ವಿಶ್ವೇಶ್ವರಯ್ಯ ಮ್ಯೂಸಿಯಂಗೇ ಹೋದೆವು. ರೈಟ್ ಸೋದರರ ವಿಮಾನದ ಪ್ರತಿರೂಪದ ಮುಂದೆ ಅವನು ಐದು ನಿಮಿಷ ನಿಂತ. ಬಟನ್‌ಗಳನ್ನು ಒತ್ತಿದ, ಆದರೆ ನಮ್ಮ ಕಾಲದ ಹುಚ್ಚು ಇರಲಿಲ್ಲ. ಅವನ ಮನೆಯಲ್ಲಿ ಎಲ್ಲಕ್ಕೂ ಬಟನ್ ಇದೆ, ಪಾಪ. "ಪಕ್ಕದ್ದನ್ನೂ ನೋಡಿಬಿಡೋಣ" ಎಂದು ಕೆಂಪು ಕಟ್ಟಡಕ್ಕೆ ಕರೆದುಕೊಂಡು ಹೋದೆ. ನನಗೂ ದೊಡ್ಡ ಆಸಕ್ತಿ ಇರಲಿಲ್ಲ, ಸತ್ಯ ಹೇಳಬೇಕೆಂದರೆ. ಬಂದಿದ್ದೇವಲ್ಲ, ಆಗಲಿ ಅನ್ನುವ ಲೆಕ್ಕ.

ಒಂದು ಕಲ್ಲಿನ ಮುಂದೆ ಅವನು ನಿಂತ. ಸುತ್ತ ಅಕ್ಷರ, ನಡುವೆ ಕೆತ್ತನೆ. ಒಂದು ನಾಯಿ ಮತ್ತು ಒಂದು ಕಾಡುಹಂದಿ ಎದುರುಬದುರು ಹೋರಾಡುತ್ತಿವೆ. ರಾಜರಿಲ್ಲ, ದೇವರಿಲ್ಲ. ನಾಯಿ. "ಇದರಲ್ಲಿ ಏನು ಬರೆದಿದೆ ಮಾಮಾ?" ನಾನು ಹತ್ತಿರ ಹೋದೆ. ಕಣ್ಣು ಕಿರಿದು ಮಾಡಿ ನೋಡಿದೆ. ಒಂದೆರಡು ಅಕ್ಷರದ ಗುರುತು ಸಿಕ್ಕ ಹಾಗೆ ಆಯಿತು, ಜಾರಿಹೋಯಿತು. "ಇದು ಕನ್ನಡಾನೇ ತಾನೇ?" "ಹೌದು, ಕನ್ನಡಾನೇ." "ಮತ್ತೆ ಓದು." ಹಳಗನ್ನಡ, ಲಿಪಿ ಬೇರೆ, ಸಾವಿರ ವರ್ಷದ ಹಿಂದಿನದು ಎಂದು ಏನೇನೋ ಹೇಳಿದೆ. ಅವನ ಮುಖದಲ್ಲಿ ಆಟೋದಿಂದ ಇಳಿದಾಗ ಇದ್ದದ್ದೇ ನೋಟ. ಮ್ಯೂಸಿಯಂ ಇಲ್ಲದ ಮ್ಯೂಸಿಯಂ ರೋಡು ಆಯಿತು, ಈಗ ಕನ್ನಡದವನಿಗೆ ಓದಲು ಬರದ ಕನ್ನಡ. ಕೊನೆಗೆ ಕಲ್ಲಿನ ಊರಿನ ಹೆಸರು ನೋಡಿದೆ. ಆತಕೂರು.

ಮೈ ಝುಂ ಅಂದಿತು. ಆತಕೂರು ಅಂದರೆ ನಮ್ಮ ಆತಗೂರು. ನಮ್ಮ ಹಳ್ಳಿಯಿಂದ ಸೈಕಲ್ಲಿನಲ್ಲಿ ಹೋಗುವಷ್ಟು ದೂರ. ಏಳನೇ ಕ್ಲಾಸಿನಲ್ಲಿ ಕೈ ಕೈ ಹಿಡಿದು ಸಾಲಿನಲ್ಲಿ ಹೋದ ನಲವತ್ತು ಮಕ್ಕಳು, ಎಲ್ಲರೂ ಅದೇ ಸುತ್ತಿನ ಹಳ್ಳಿಯವರು, ನೆರೆಯೂರಿನ ಈ ಕಲ್ಲಿನ ಪಕ್ಕದಲ್ಲೇ ದಾಟಿಕೊಂಡು ಹೋಗಿ ಚಿತ್ರಾನ್ನ ತಿಂದಿದ್ದೆವು.

ಕಲ್ಲು ಹೇಳುವ ಕಥೆ

ಆ ರಾತ್ರಿಯೇ ಶಾಸನದ ಪಾಠ ಹುಡುಕಿದೆ. ಹುಡುಕುವುದು ಈಗ ಸುಲಭ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಊರೂರು ಸುತ್ತಿಸಿ ಸಾವಿರಾರು ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚು ಹಾಕಿಸಿಟ್ಟು ಹೋದರು. ಕಲ್ಲಿನ ಮೇಲೆ ನಾನು ಓದಲಾಗದ್ದು ಅಚ್ಚಿನ ಅಕ್ಷರದಲ್ಲಿ ಕಣ್ಣ ಮುಂದಿತ್ತು.

ಶಕ 872, ಸೌಮ್ಯ ಸಂವತ್ಸರ. ನಮ್ಮ ಲೆಕ್ಕಕ್ಕೆ ಸುಮಾರು ಕ್ರಿ.ಶ. 950. ರಾಷ್ಟ್ರಕೂಟರ ಮೂರನೇ ಕೃಷ್ಣ, ಅಂದರೆ ಕನ್ನರದೇವ, ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿ ಗೆದ್ದಿದ್ದಾನೆ. ಚೋಳ ರಾಜಾದಿತ್ಯ ಸತ್ತಿದ್ದಾನೆ. ಆ ಯುದ್ಧದಲ್ಲಿ ಕನ್ನರನ ಭಾವ, ಗಂಗರ ಬೂತುಗ ಜೊತೆಗಿದ್ದ. ಬೂತುಗನ ಬಳಿ ಇದ್ದ ವೀರ ಮಣಲೆರ. ಇಲ್ಲಿಯವರೆಗೆ ಇದು ಶಾಲೆಯ ಪುಸ್ತಕದ ಇತಿಹಾಸ. ಬೂತುಗನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ ಅಂತ ನಾಡುಗಳೇ ಬಹುಮಾನವಾಗಿ ಸಿಕ್ಕವು. ಮಣಲೆರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಬೇಡು ಅಂದಾಗ ಅವನು ಬೇಡಿದ್ದು ನಾಯಿ. ವಲ್ಲಹನ, ಅಂದರೆ ಕೃಷ್ಣನ, ಕಾಳಿ ಎಂಬ ಬೇಟೆನಾಯಿ. ಯುದ್ಧ ಗೆದ್ದವನು ರಾಜನನ್ನು ಕೇಳಿಕೊಂಡು ನಾಯಿ ತೆಗೆದುಕೊಂಡು ಬಂದ. (ಅವನಿಗೂ ಊರುಗಳು ಸಿಕ್ಕವು, ಆತಕೂರು ಹನ್ನೆರಡು ಎಂಬ ಹಳ್ಳಿಗಳ ಗುಂಪೂ ಅದರಲ್ಲಿ ಸೇರಿತ್ತು. ಆದರೂ.)

ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಮುಂದಿನದನ್ನು ಕಲ್ಲು ಎರಡೇ ಮಾತಿನಲ್ಲಿ ಹೇಳುತ್ತದೆ. "ಪನ್ದಿಯುಂ ನಾಯುಮೊಡಸತ್ತುವು." ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ನಾಯಿ ಗೆದ್ದಿತು ಅಂತ ಬರೆಸಬಹುದಿತ್ತು. ನಾಯಿಯ ಒಡೆಯ ಮಣಲೆರನೇ, ಕಲ್ಲು ನಿಲ್ಲಿಸಿದವನೂ ಅವನೇ. ಬರೆಸಲಿಲ್ಲ. ಒಡಸತ್ತುವು, ಅಷ್ಟೇ. ಹಂದಿಗೂ ಅದೇ ಕ್ರಿಯಾಪದದಲ್ಲಿ ಪಾಲು.

ಆಮೇಲೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ಪೂಜೆಗೆಂದು ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟರು. ಅದರ ಜೊತೆ ಒಂದು ಷರತ್ತು. ಆ ಜಾಗವನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ಬರುತ್ತದೆ. ಶಾಸನಗಳಲ್ಲಿ ಶಾಪ ಇರುವುದು ಮಾಮೂಲು. ವಾರಣಾಸಿಯಲ್ಲಿ ಸಾವಿರ ಕವಿಲೆ ಹಸು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವುದು, ಹೀಗೆ ಎಲ್ಲವೂ ದೊಡ್ಡ ದೊಡ್ಡ ಅಳತೆ. ಇಲ್ಲಿ ಮಾತ್ರ ಒಂದು ಬೇಟೆನಾಯಿ ಜೀವಮಾನದಲ್ಲಿ ಎಷ್ಟು ಪಾಪ ಮಾಡಿರಬಹುದೋ ಅಷ್ಟು. ಲೆಕ್ಕ ಎಷ್ಟು ಸರಿಯಾಗಿದೆ ನೋಡಿ. ಆ ಲೆಕ್ಕದಲ್ಲಿ, ಕಲ್ಲನ್ನು ನೋಡದೆ ಚಿತ್ರಾನ್ನ ಉಂಡ ನನ್ನ ತಲೆಯ ಮೇಲೂ ಕಾಳಿಯ ಪಾಪ ಒಂದಿಷ್ಟು ಇರಬೇಕು.

ಒಂದು ಅಡ್ಡಮಾತು, ವೆಂಕಟಪ್ಪನವರ ಬಗ್ಗೆ

ಇದಾದ ಮೇಲೆ ನಾನು ಆ ರಸ್ತೆಗೆ ಒಬ್ಬನೇ ಹೋಗತೊಡಗಿದೆ. ಹೋದಾಗೆಲ್ಲ ವೆಂಕಟಪ್ಪ ಗ್ಯಾಲರಿಗೂ ಕಾಲಿಡುತ್ತಿದ್ದೆ. ಕೆ. ವೆಂಕಟಪ್ಪ ಮೈಸೂರಿನವರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ಊಟಿಯ ಬೆಟ್ಟ, ಮಂಜು, ಕೆರೆಗಳನ್ನು ಜಲವರ್ಣದಲ್ಲಿ ಬರೆದವರು. ಚಿತ್ರದ ನಡುವೆ ವೀಣೆ ಹಿಡಿದು ವೀಣೆ ಶೇಷಣ್ಣನವರ ಹತ್ತಿರ ಪಾಠಕ್ಕೆ ಹೋದವರು. ಮದುವೆ ಮಾಡಿಕೊಳ್ಳಲಿಲ್ಲ. 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಗ್ಯಾಲರಿ ಜನರಿಗೆ ತೆರೆದದ್ದು ಎಪ್ಪತ್ತರ ದಶಕದಲ್ಲಿ. ಅದರ ಆಡಳಿತವನ್ನು ಖಾಸಗಿಯವರಿಗೆ ವಹಿಸುವ ಮಾತು ಬಂದಾಗ, 2016ರಲ್ಲಿ, ಕಲಾವಿದರು ಬೀದಿಗೆ ಬಂದು ಹಾಡಿ, ಚಿತ್ರ ಬರೆದು ಪ್ರತಿಭಟನೆ ಮಾಡಿದ್ದು ನಿಮಗೂ ನೆನಪಿರಬಹುದು. ನನ್ನ ಕೆಲವು ಗೆಳೆಯರಿಗೆ ಅದು ಅತಿಯಾಯಿತು ಅನಿಸಿತ್ತು. ನನಗೆ ಹಾಗೆ ಅನಿಸಲಿಲ್ಲ. ಇದು ನಮ್ಮದು ಎಂದು ಜಗಳವಾಡುವ ಜನ ಇರುವುದು ಒಂದು ಗ್ಯಾಲರಿಯ ಭಾಗ್ಯ. ಆ ಕಲ್ಲಿಗೆ ಅಂಥ ಜನ ಒಂದು ಕಾಲದಲ್ಲಿ ಇದ್ದರು, ಅವರಿಗೆ ಗದ್ದೆ ಕೊಟ್ಟು ಇಟ್ಟುಕೊಂಡಿದ್ದರು.

ಇಷ್ಟಕ್ಕೂ ವೆಂಕಟಪ್ಪನವರ ಊಟಿಯ ಚಿತ್ರಗಳ ಮುಂದೆ ನನಗೆ ಯಾವ ಕಷ್ಟವೂ ಆಗಲಿಲ್ಲ. ಮಂಜು ಮಂಜಿನ ಹಾಗಿದೆ, ಓದಲು ಲಿಪಿ ಬೇಡ. ಕಲ್ಲಿನ ಮುಂದೆ ನಿಂತರೆ ಮಾತ್ರ ಪ್ರತಿ ಸಲ ಅದೇ ಅವಮಾನ. ಮನೆಯಲ್ಲಿ ಅಕ್ಷರದ ಪಟ್ಟಿ ಇಟ್ಟುಕೊಂಡು ಕಲಿಯಲು ನೋಡಿದೆ. ಱ, ೞ ಎರಡೂ ಕಲ್ಲಿನ ಮೇಲೆ ಗುರುತು ಸಿಗುವಷ್ಟಾಯಿತು. "ನಾಯಿ" ಇರುವ ಜಾಗ ಗೊತ್ತಾಯಿತು. ಅಷ್ಟೇ. ಅದನ್ನೂ ದೊಡ್ಡ ಸಾಧನೆ ಎಂದು ಅಕ್ಕನ ಮಗನಿಗೆ ಫೋನ್ ಮಾಡಿ ಹೇಳಿದೆ. ಅವನು ಕೇಳಿದ, "ನಾಯಿ ಹೆಸರು ಕಾಳಿ. ಹಂದಿ ಹೆಸರು?" ಕಾಡುಹಂದಿಗೆ ಯಾರು ಹೆಸರಿಡುತ್ತಾರೋ ಮಾರಾಯ ಅಂದೆ.

ಅಮ್ಮ ಕೇಳಿಸಿಕೊಂಡದ್ದು

ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಆತಗೂರಿನ ಕಲ್ಲು ಬೆಂಗಳೂರಿನಲ್ಲಿದೆ ಅಂದ ಕೂಡಲೇ ಅವಳ ಮೊದಲ ಮಾತು, "ನಮ್ ಕಡೆ ಕಲ್ಲು ಅಲ್ಲೇನ್ಲಾ ಮಾಡ್ತೈತೆ?"

ಮಳೆ, ಬಿಸಿಲಿಗೆ ಅಕ್ಷರ ಸವೆಯುತ್ತದೆ, ಅಲ್ಲಾದರೆ ಭದ್ರ ಎಂದೆ. ಇದು ಸುಳ್ಳಲ್ಲ. ಊರ ಹೊರಗಿನ ವೀರಗಲ್ಲುಗಳ ಮೇಲೆ ಬಟ್ಟೆ ಒಗೆಯುವುದನ್ನು, ಮೋರಿಗೆ ಅಡ್ಡ ಹಾಕಿದ್ದನ್ನು ನಾನೇ ನೋಡಿದ್ದೇನೆ. ಬೇಗೂರಿನ ನಾಗತ್ತರನ ದೊಡ್ಡ ವೀರಗಲ್ಲು, ಆನೆ ಕುದುರೆ ಸೈನ್ಯ ಎಲ್ಲ ಕೆತ್ತಿರುವುದು, ಅದೂ ಇದೇ ಮ್ಯೂಸಿಯಂಗೆ ಬಂದದ್ದರಿಂದ ನಾವು ನೋಡಬಹುದಾಗಿದೆ. ಆದರೆ ಅಮ್ಮನ ಪ್ರಶ್ನೆಗೆ ಇದು ಪೂರ್ತಿ ಉತ್ತರ ಅಲ್ಲ ಎಂದು ನನಗೂ ಗೊತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಕಲ್ಲು ಸಿಕ್ಕಾಗ ಆಸಕ್ತ ಜನ ಸೇರಿ ಅದನ್ನು ಆ ಊರಿನಲ್ಲೇ ಉಳಿಸಿಕೊಂಡು ಮಂಟಪ ಕಟ್ಟಿಸಿದರು. ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಸ್ಥೆಯವರು ನಗರದ ಸುತ್ತಲಿನ ಕಲ್ಲುಗಳ ಮೂರು ಆಯಾಮದ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಅಕ್ಷರ ಕಂಪ್ಯೂಟರಿನಲ್ಲಿ ಭದ್ರ, ಕಲ್ಲು ಊರಿನಲ್ಲೇ. ಆತಗೂರಿನ ಕಲ್ಲಿನ ಕಾಲಕ್ಕೆ ಆ ದಾರಿ ಇರಲಿಲ್ಲ.

"ಏನ್ ಬರ್ದವ್ರೆ ಅದ್ರಲ್ಲಿ, ಓದು" ಅಂದಳು ಅಮ್ಮ. ಫೋನಿನಲ್ಲಿ ಇಟ್ಟುಕೊಂಡಿದ್ದ ಪಾಠವನ್ನು ಓದಿದೆ. ಅರ್ಥ ಹೇಳಲು ಬಾಯಿ ತೆರೆದರೆ ಅವಳು ಕೈ ಅಡ್ಡ ಮಾಡಿದಳು. ನಿಧಾನಕ್ಕೆ ಓದು ಅಂದಳು. ನಿಧಾನಕ್ಕೆ ಓದಿದೆ. "ಪಡುವಣ ದೆಸೆಯ ಮೊರಡಿಯೊಳ್." ಮೊರಡಿ ಅನ್ನುವುದಕ್ಕೆ ನಾನು ನಿಘಂಟು ನೋಡಿದ್ದೆ. ಅಮ್ಮ ಅವರೆಕಾಯಿಯಿಂದ ತಲೆ ಎತ್ತದೆ, "ಪಡುವಲಾಗಡೆ ಮರಡಿ ಮ್ಯಾಲೆ" ಅಂದಳು. ನಮ್ಮ ಹೊಲದ ಆಚೆಗಿನ ಕಲ್ಲುಗುಡ್ಡವನ್ನು ಅವಳು ಜೀವಮಾನವಿಡೀ ಮರಡಿ ಎಂದೇ ಕರೆದದ್ದು. ನನಗೆ ಅದು ನೆನಪಿಗೇ ಬಂದಿರಲಿಲ್ಲ. "ಪನ್ದಿಗೆ ವಿಟ್ಟೊಡೆ" ಅಂದೆ. "ಹಂದಿಗ್ ಬಿಟ್ರು. ನಾಯ." "ಒಡಸತ್ತುವು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎರಡೂವಾ?" ಅಂದಳು. ಹೌದು, ಎರಡೂ. "ಅಯ್ಯೋ" ಅಂದಳು.

ಗೊರವ ಅಂದಾಗ ನಾನು ಶೈವ ಪೂಜಾರಿ ಎಂದು ವಿವರಿಸಲು ಹೋದೆ. ಅವಳಿಗೆ ಅದೂ ಬೇಕಿರಲಿಲ್ಲ. ಕರಡಿ ಕೂದಲಿನ ಟೋಪಿ ಹಾಕಿಕೊಂಡು ಡಮರು ಬಾರಿಸುತ್ತಾ ಬರುವ ಗೊರವಯ್ಯ ಅವಳಿಗೆ ಗೊತ್ತು. ಅವನೇ ಆ ಕಲ್ಲಿನ ಮುಂದೆ ನಿಂತಿದ್ದಾನೆ ಅನ್ನುವ ಹಾಗೆ ಕೇಳಿಸಿಕೊಂಡಳು. ಸಾವಿರದ ಎಪ್ಪತ್ತು ವರ್ಷದ ಹಿಂದಿನ ಕನ್ನಡ. ನಾನು ಎರಡು ತಿಂಗಳು ಅಕ್ಷರದ ಪಟ್ಟಿ ಹಿಡಿದುಕೊಂಡು ಒದ್ದಾಡಿದ್ದು, ಅವಳಿಗೆ ನಿನ್ನೆ ಪಕ್ಕದ ಊರಲ್ಲಿ ನಡೆದ ಸುದ್ದಿ. ಕಸ್ತೂರ್ಬಾ ರಸ್ತೆಯಲ್ಲಿ ನಾನು ಮಾಡಿದ ತಪ್ಪು ಇದೇ ಇರಬೇಕು. ಕಲ್ಲನ್ನು ಕಣ್ಣಿನಿಂದ ಓದಲು ಹೋದೆ. ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಕೇಳಿಸಿಕೊಂಡಿದ್ದರೆ ಆ ಹುಡುಗನೂ ನಾಲ್ಕು ಮಾತು ಹಿಡಿಯುತ್ತಿದ್ದನೋ ಏನೋ.

ಶಾಪದ ಸಾಲಿಗೆ ಅಮ್ಮ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ, ಸರಿಯಾಗೇ ಬರೆದಿದ್ದಾರೆ ಅನ್ನುವ ಹಾಗೆ ತಲೆಯಾಡಿಸಿದಳು. ಸುಲಿದ ಕಾಳನ್ನು ಒಂದು ಕಡೆ ಮಾಡಿ, ಸಿಪ್ಪೆಯನ್ನು ಮೊರಕ್ಕೆ ಬಾಚಿಕೊಂಡು ಎದ್ದಳು. ಬಾಗಿಲವರೆಗೆ ಹೋಗಿ ಏನೋ ನೆನಪಾದ ಹಾಗೆ ತಿರುಗಿದಳು.

"ಅಲ್ಲ ಕಣ್ಲಾ, ಕೆರೆ ಕೆಳ್ಗೆ ಎರಡ್ ಖಂಡ್ಗ ಅಂದ್ರೆ ಒಳ್ಳೆ ಗದ್ದೆ. ಅದೀಗ ಯಾರ್ ಹೆಸ್ರಲ್ಲೈತೆ?"